ಏಳು ಸೆಕೆಂಡಿನ ವಿಮಾನ

ಈ ಕಡೆ ತಲೆ ಹಾಕದೆ ಹೆಚ್ಚು ಕಡಿಮೆ ಎಂಟು ತಿಂಗಳಾಯ್ತು. "ಬ್ಲಾಗಿಗೆ ಬೀಗ ಹಾಕಿದ್ಯಾ?" ಅಂತ ಇಬ್ಬರು ಮೇಲ್ ಮಾಡಿ ಕೇಳಿದ್ದರು. ಬೀಗ ಹಾಕಿಲ್ಲ ಮಹರಾಯರೇ, ವಿಮಾನ ಹಾರಿಸ್ತಾ ಇದ್ದೆ. ಹಾರಿಸ್ತಾ ಇದ್ದೆ ಅನ್ನೋದಕ್ಕಿಂತ ಬೀಳಿಸ್ತಾ ಇದ್ದೆ ಅಂದ್ರೆ ಸರಿ. ಇವತ್ತು ಅದರದ್ದೇ ಕತೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ.

ನಿಜವಾದ ವಿಮಾನ ಅಲ್ಲ ಬಿಡಿ, ರಿಮೋಟ್ ಹಿಡಿದು ಹಾರಿಸುವ ಮಾಡೆಲ್ ವಿಮಾನ. ನಮ್ಮ ಟೀಮಿನಲ್ಲಿರುವ ಗೆಳೆಯನೊಬ್ಬ ಒಂದು ದಿನ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಬೆಳಗಿನ ಬಿಸಿಲು, ಖಾಲಿ ಬಯಲು, ಬಿಳೀ ರೆಕ್ಕೆಯ ಪುಟ್ಟ ವಿಮಾನವೊಂದು ಹದ್ದಿನ ಹಾಗೆ ಸುತ್ತು ಹೊಡೀತಿದೆ. "ಎಷ್ಟಕ್ಕೆ ತಗೊಂಡೆ?" ಅಂದೆ. "ತಗೊಂಡಿಲ್ಲ, ನಾನೇ ಮಾಡಿದ್ದು" ಅಂದ.

ಆ ಮಾತು ತಲೆಯಲ್ಲಿ ಕೂತುಬಿಡ್ತು. 2019ರಲ್ಲಿ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದವನು ನಾನು. ಇಷ್ಟು ವರ್ಷದಲ್ಲಿ ಸಾವಿರಾರು ಸಾಲು ಕೋಡ್ ಬರೆದಿದ್ದೀನಿ. ಆದರೆ "ಇದನ್ನ ನಾನು ಮಾಡಿದ್ದು" ಅಂತ ಕೈಯಲ್ಲಿ ಹಿಡಿದು ತೋರಿಸುವ ಒಂದು ವಸ್ತುವೂ ನನ್ನ ಹತ್ತಿರ ಇಲ್ಲ. ಇನ್ನೊಂದು ಕಾರಣವೂ ಇತ್ತು. 2015ರ ಸಿಇಟಿ ಸಮಯದಲ್ಲಿ ನನಗೆ ಏರೋನಾಟಿಕಲ್ ಓದಬೇಕು ಅಂತ ಭಯಂಕರ ಆಸೆ ಇತ್ತು. ಓದಿದ್ದು ಕಂಪ್ಯೂಟರ್ ಸೈನ್ಸ್. ಅದು ಅಪ್ಪನ ಇಷ್ಟ ಅಂತ ಹತ್ತು ವರ್ಷದಿಂದ ಮನಸ್ಸಿನಲ್ಲೇ ಒಂದು ಲೆಕ್ಕ ಬರೆದಿಟ್ಟುಕೊಂಡಿದ್ದೆ. ಜಗಳ ಏನೂ ಆಡಿರಲಿಲ್ಲ. ಫೋನಿನಲ್ಲಿ ಮಾತು ಮಾತ್ರ ಕಡಿಮೆಯಾಗ್ತಾ ಬಂದಿತ್ತು. "ಊಟ ಆಯ್ತಾ?" "ಆಯ್ತು." "ಆಫೀಸು?" "ಇದೆ." "ಅಮ್ಮಂಗೆ ಕೊಡ್ತೀನಿ." ನಲವತ್ತು ಸೆಕೆಂಡು, ಅಷ್ಟೇ.

ಇರಲಿ, ವಿಮಾನಕ್ಕೆ ಬರೋಣ.

ಗೆಳೆಯ ಒಂದು ಪಟ್ಟಿ ಬರೆದುಕೊಟ್ಟ. ಒಂದು ಬ್ರಷ್‌ಲೆಸ್ ಮೋಟಾರು, ಅದರ ವೇಗ ನಿಯಂತ್ರಿಸಲು ಒಂದು ಇಎಸ್‌ಸಿ, 9 ಗ್ರಾಮಿನ ಎರಡು ಸರ್ವೋ, 3 ಸೆಲ್ಲಿನ 2200 ಎಂಎಎಚ್ ಲಿಪೋ ಬ್ಯಾಟರಿ, ಅದಕ್ಕೊಂದು ಚಾರ್ಜರು, 8 ಇಂಚಿನ ಪ್ರೊಪೆಲ್ಲರು, ಮತ್ತೆ ರಿಸೀವರ್ ಜೊತೆಗೆ ಬರುವ 6 ಚಾನೆಲ್ಲಿನ ರಿಮೋಟು. ಒಂದು ಶನಿವಾರ ಎಸ್‌ಪಿ ರೋಡಿನಲ್ಲಿ ಅಲೆದು ಕೆಲವನ್ನು ತಂದೆ, ಉಳಿದವನ್ನು ಆನ್‌ಲೈನಿನಲ್ಲಿ ತರಿಸಿದೆ. ಎಲ್ಲಾ ಸೇರಿ ಹತ್ತು ಸಾವಿರದ ಮೇಲಾಯ್ತು. ಅದರಲ್ಲಿ ಅರ್ಧದಷ್ಟು ರಿಮೋಟಿಗೇ ಹೋಯ್ತು. ವಿಮಾನ ಎಷ್ಟು ಸಲ ಬಿದ್ದರೂ ರಿಮೋಟು ನಮ್ಮ ಕೈಯಲ್ಲೇ ಇರುತ್ತಲ್ಲ, ಅದೊಂದು ಸಮಾಧಾನ.

ವಿಮಾನದ ನಕ್ಷೆಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅಮೆರಿಕದ ಫ್ಲೈಟ್ ಟೆಸ್ಟ್ ತಂಡದವರು ಫೋಮ್ ಹಾಳೆಯಲ್ಲಿ ಕತ್ತರಿಸಿ ಅಂಟಿಸುವ ಎಷ್ಟೋ ವಿಮಾನಗಳ ನಕ್ಷೆ ಕೊಟ್ಟಿದ್ದಾರೆ. ನಾನು ಆರಿಸಿಕೊಂಡಿದ್ದು ಟ್ರೈನರ್ ಅನ್ನುವ ಜಾತಿಯದ್ದು. ಇದರಲ್ಲಿ ರೆಕ್ಕೆ ಹೊಟ್ಟೆಯ ಮೇಲ್ಗಡೆ ಇರುತ್ತೆ, ಎರಡೂ ತುದಿ ಸ್ವಲ್ಪ ಮೇಲೆದ್ದಿರುತ್ತೆ. ಗಾಳಿಗೆ ವಾಲಿದರೂ ಆ ಆಕಾರದಿಂದಾಗಿ ತಾನಾಗಿಯೇ ಸಮತಲಕ್ಕೆ ಬರೋಕೆ ನೋಡುತ್ತೆ. ಹೊಸಬರಿಗೆ ಅಂತಲೇ ಮಾಡಿದ್ದು.

ಇಲ್ಲೇ ಮೊದಲನೇ ತಪ್ಪು ಮಾಡಿದೆ. ಹಗುರ ಫೋಮ್ ತರಿಸೋಕೆ ನಾಲ್ಕು ದಿನ ಕಾಯಬೇಕಿತ್ತು. ನನಗೆ ತಾಳ್ಮೆ ಎಲ್ಲಿದೆ? ಅಂಗಡಿ ಬೋರ್ಡು ಮಾಡೋರು ಉಪಯೋಗಿಸುವ ಸನ್‌ಬೋರ್ಡ್ ತಂದು ರೂಮಿನ ನೆಲದ ಮೇಲೆ ಹಾಸಿ ಕತ್ತರಿಸಿಬಿಟ್ಟೆ. ಮೂರು ರಾತ್ರಿ ಗ್ಲೂ ಗನ್ನಿನಲ್ಲಿ ಬೆರಳು ಸುಟ್ಟುಕೊಂಡೆ. ಎಲ್ಲಾ ಜೋಡಿಸಿ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ ಒಂದು ಕೇಜಿ ನೂರೈವತ್ತು ಗ್ರಾಮು! ಗೆಳೆಯನದ್ದು ಏಳುನೂರು ಗ್ರಾಮು ಇತ್ತು. ರೆಕ್ಕೆ ಅಷ್ಟೇ ಇದ್ದು ತೂಕ ಜಾಸ್ತಿಯಾದರೆ ವಿಮಾನ ಗಾಳಿಯಲ್ಲಿ ನಿಲ್ಲೋಕೆ ಹೆಚ್ಚು ವೇಗವಾಗಿ ಹೋಗಲೇಬೇಕು. ವೇಗ ಜಾಸ್ತಿಯಾದಷ್ಟೂ ನಮಗೆ ಯೋಚಿಸೋಕೆ ಸಮಯ ಕಡಿಮೆ. ಇದೆಲ್ಲಾ ಆಮೇಲೆ ತಿಳಿದದ್ದು.

ಹಾರಿಸೋದು ಎಲ್ಲಿ? ಬೆಂಗಳೂರಿನಲ್ಲಿ ಕಷ್ಟ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಅಂತ ಯಾವ ದಿಕ್ಕಿಗೆ ಹೋದರೂ ಒಂದು ನಿಜವಾದ ರನ್‌ವೇ ಇದೆ. ನಮ್ಮಂಥವರ ಮಾಡೆಲ್ ವಿಮಾನಗಳೂ 2021ರ ಡ್ರೋನ್ ನಿಯಮಗಳ ಕೆಳಗೇ ಬರುತ್ತವೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ಅಂತ ವಲಯಗಳಿವೆ. ತಿಪಟೂರಿನ ಹತ್ತಿರದ ನಮ್ಮ ಊರು ಹಸಿರಿನಲ್ಲಿತ್ತು. ರೆಕ್ಕೆಯನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟುವ ವಿಮಾನ ಆದ್ದರಿಂದ ಬಿಚ್ಚಿ ರಟ್ಟಿನ ಡಬ್ಬದಲ್ಲಿಟ್ಟು ರೈಲು ಹತ್ತಿದೆ. "ಏನ್ರೀ ಅದು, ಫ್ಯಾನಾ?" ಅಂತ ಎದುರು ಸೀಟಿನವರು ಕೇಳಿದರು. ಹೂಂ ಅಂದುಬಿಟ್ಟೆ.

ಊರಿಗೆ ಹೋದದ್ದು ಆಷಾಢದಲ್ಲಿ. ತೋಟದ ಪಕ್ಕದ ಬಯಲಿಗೆ ಡಬ್ಬ ಹೊತ್ಕೊಂಡು ಹೋದೆ. ಅಪ್ಪ ತೋಟದಿಂದ ಬರ್ತಿದ್ದವರು ಹೆಗಲ ಮೇಲೆ ಟವಲ್ಲು ಹಾಕ್ಕೊಂಡು ಬದುವಿನ ಮೇಲೆ ನಿಂತರು. ನಾನು ರಿಮೋಟ್ ಆನ್ ಮಾಡಿ, ಬ್ಯಾಟರಿ ಸಿಕ್ಕಿಸಿ, ಥ್ರಾಟಲ್ ಪೂರ್ತಿ ಕೊಟ್ಟು ವಿಮಾನ ಎಸೆದೆ.

ಒಂದು, ಎರಡು, ಮೂರು... ಸ್ವಲ್ಪ ಮೇಲೆ ಹೋಯ್ತು. ನಾನು ಗಾಬರಿಯಿಂದ ಸ್ಟಿಕ್ಕನ್ನು ಇನ್ನೂ ಎಳೆದೆ. ಮೂತಿ ಆಕಾಶ ನೋಡ್ತು. ಹಾಗೆ ಎಳೆದಷ್ಟೂ ರೆಕ್ಕೆ ಗಾಳಿಗೆ ಅಡ್ಡವಾಗಿ ನಿಲ್ಲುತ್ತೆ. ಒಂದು ಮಿತಿ ದಾಟಿದ ಮೇಲೆ ಮೇಲೆತ್ತುವ ಬಲವೇ ಕುಸಿದುಹೋಗುತ್ತೆ. ಇದಕ್ಕೆ ಸ್ಟಾಲ್ ಅಂತಾರೆ. ಐದು, ಆರು, ಏಳು. ಧಡ್!

ಮೂತಿ ಮುರಿದು, ಒಂದು ರೆಕ್ಕೆ ಬೇಲಿಯಲ್ಲಿ. ಮೊಬೈಲ್ ವಿಡಿಯೋ ನೋಡಿ ಲೆಕ್ಕ ಹಾಕಿದೆ, ಸರಿಯಾಗಿ ಏಳು ಸೆಕೆಂಡು. ನಮ್ಮ ಸಮಾಧಾನಕ್ಕೆ ಒಂದು ಇತಿಹಾಸ ಹೇಳ್ತೀನಿ ಕೇಳಿ. ಅಲ್ಫೋನ್ಸ್ ಪೆನೋ ಅನ್ನುವ ಫ್ರೆಂಚ್ ಹುಡುಗ 1871ರಲ್ಲಿ ಪ್ಯಾರಿಸ್ಸಿನ ತೋಟವೊಂದರಲ್ಲಿ ರಬ್ಬರ್ ಹುರಿಯಿಂದ ಓಡುವ ಪುಟ್ಟ ಮಾಡೆಲ್ ವಿಮಾನ ಹಾರಿಸಿದ್ದ. ಅದು ಹಾರಿದ್ದು 11 ಸೆಕೆಂಡು. ಬಾಲ ಇಟ್ಟು ವಿಮಾನ ತಾನೇ ಸಮತೋಲನ ಕಾಯ್ದುಕೊಳ್ಳುವ ಹಾಗೆ ಮಾಡಬಹುದು ಅಂತ ಆಗಲೇ ತೋರಿಸಿದ್ದ. ರಬ್ಬರಿನಿಂದ ತಿರುಗುವ ಅವನದೇ ಮಾದರಿಯ ಹೆಲಿಕಾಪ್ಟರ್ ಆಟಿಕೆಯೊಂದನ್ನು 1878ರಲ್ಲಿ ರೈಟ್ ಸೋದರರಿಗೆ ಅವರ ಅಪ್ಪ ತಂದುಕೊಟ್ಟಿದ್ದರು. ಅಲ್ಲಿಂದ 25 ವರ್ಷ ಆದ ಮೇಲೆ, 1903ರ ಡಿಸೆಂಬರ್ 17ರಂದು, ಆ ಹುಡುಗರ ಮೊದಲ ಹಾರಾಟ 12 ಸೆಕೆಂಡು. ಹಾಗಾಗಿ ನನ್ನ ಏಳು ಸೆಕೆಂಡು ಅಂಥಾ ಅವಮಾನವೇನಲ್ಲ ಅಂತ ನನ್ನ ವಾದ :-)

ಅಪ್ಪ ಬದುವಿನಿಂದ ಇಳಿದು ಬಂದರು. ಬೈತಾರೆ ಅಂದ್ಕೊಂಡೆ. ಮುರಿದ ಮೂತಿ ಎತ್ತಿ ತಿರುಗಿಸಿ ನೋಡಿ, "ಆಷಾಢದಲ್ಲಿ ಗಾಳಿಪಟ ಹಾರಿಸ್ತಾರೆ ಕಣೋ. ವಿಮಾನ ಯಾರಾದ್ರೂ ಹಾರಿಸ್ತಾರಾ?" ಅಂದರು. ಆಮೇಲೆ ಪ್ರೊಪೆಲ್ಲರನ್ನು ಬೆರಳಲ್ಲಿ ಸವರಿ, "ಇದು ಹಿಂದು ಮುಂದಾಗಿಲ್ವಾ?" ಅಂದರು.

"ಯಾಕೆ?"

"ಉಬ್ಬಿರೋ ಮೈ ಮುಂದಕ್ಕಿರಬೇಕಲ್ವಾ. ಗಿರಿಗಿಟ್ಲೆ ಮಾಡಿ ಗೊತ್ತಿಲ್ವಾ ನಿಂಗೆ?"

ನೋಡಿದರೆ ನಿಜ! ಪ್ರೊಪೆಲ್ಲರನ್ನು ಉಲ್ಟಾ ಕೂರಿಸಿದ್ದೆ. ಹಾಗೆ ಕೂರಿಸಿದರೂ ಗಾಳಿ ಹಿಂದಕ್ಕೇ ಬರುತ್ತೆ, ಆದರೆ ಎಳೆತ ತುಂಬಾ ಕಡಿಮೆ. ಅಕ್ಷರ ಬರೆದಿರುವ ಮುಖ ಮುಂದಕ್ಕಿರಬೇಕು ಅಂತ ಗೆಳೆಯ ಹೇಳಿದ್ದು ಆಗ ನೆನಪಾಯ್ತು. ಚಿಕ್ಕವನಿದ್ದಾಗ ಅಪ್ಪ ತೆಂಗಿನ ಗರಿ ಮಡಚಿ, ಜಾಲಿ ಮುಳ್ಳು ಚುಚ್ಚಿ ಗಿರಿಗಿಟ್ಲೆ ಮಾಡಿಕೊಡ್ತಿದ್ದರು. ಅದನ್ನ ಹಿಡ್ಕೊಂಡು ಕೆರೆ ಏರಿ ಮೇಲೆ ಓಡಿದ್ದೂ ನೆನಪಾಯ್ತು. ಏಳನೇ ಕ್ಲಾಸು ಓದಿದ ಅಪ್ಪ, ಇಂಜಿನಿಯರಿಂಗ್ ಓದಿದ ನಾನು. ಏನೂ ಮಾತಾಡದೆ ಚೂರುಗಳನ್ನ ಡಬ್ಬಕ್ಕೆ ತುಂಬಿಕೊಂಡೆ. ಅಮ್ಮ ಅದನ್ನ ಅಟ್ಟದ ಮೇಲೆ, ಕೊಬ್ಬರಿಗೆ ಅಂತ ಒಣಗೋಕೆ ಬಿಟ್ಟಿದ್ದ ಕಾಯಿಗಳ ಪಕ್ಕ ಇಟ್ಟಳು.

ಬೆಂಗಳೂರಿಗೆ ವಾಪಸ್ ಬಂದು ಈ ಸಲ ಸರಿಯಾಗಿ ಶುರು ಮಾಡಿದೆ. ಹಗುರ ಫೋಮಿನಲ್ಲಿ ಹೊಸ ವಿಮಾನ, 720 ಗ್ರಾಮು. ಎರಡು ತಿಂಗಳು ದಿನಾ ರಾತ್ರಿ ಅರ್ಧ ಗಂಟೆ, ರಿಮೋಟನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಪಿಕಾಸಿಮ್ ಅನ್ನುವ ಪುಕ್ಕಟೆ ಸಿಮ್ಯುಲೇಟರಿನಲ್ಲಿ ಅಭ್ಯಾಸ. ಅಲ್ಲಿ ನೂರಾರು ಸಲ ಬಿದ್ದೆ, ಒಂದು ರೂಪಾಯಿ ಖರ್ಚಿಲ್ಲ.

ಅಲ್ಲಿ ತಿಳಿದ ದೊಡ್ಡ ಕಷ್ಟ ಏನಂದ್ರೆ ಎಡ ಬಲ. ವಿಮಾನ ನಮ್ಮಿಂದ ದೂರ ಹೋಗುವಾಗ ನಮ್ಮ ಎಡವೇ ಅದರ ಎಡ. ತಿರುಗಿ ನಮ್ಮ ಕಡೆ ಬರುವಾಗ ಎಲ್ಲಾ ಅದಲು ಬದಲು. ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ನಮ್ಮ ಕಣ್ಣಿಗೆ ಎಡಕ್ಕೆ ಹೋಗುತ್ತೆ. ಇದಕ್ಕೆ ಗೆಳೆಯ ಒಂದು ಉಪಾಯ ಹೇಳಿಕೊಟ್ಟ. ವಿಮಾನ ಎದುರು ಬರುವಾಗ ಯಾವ ಕಡೆಯ ರೆಕ್ಕೆ ಕೆಳಗೆ ವಾಲಿದೆಯೋ ಅದೇ ಕಡೆಗೆ ಸ್ಟಿಕ್ ತಳ್ಳು, ವಾಲಿದ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಅಷ್ಟೇ ನೆನಪಿಟ್ಕೋ ಅಂದ.

ದೀಪಾವಳಿಗೆ ಊರಿಗೆ ಹೋದೆ. ಬೆಳಿಗ್ಗೆ ಆರೂವರೆ, ಗರಿ ಅಲುಗಾಡದಷ್ಟು ತಣ್ಣಗಿತ್ತು. ಅಪ್ಪನೂ ಬಂದರು, ಕರೆದಿರಲಿಲ್ಲ. ಎಸೆದೆ. ಹಾರಿತು! ನಿಜವಾಗಿ ಹಾರಿತು. ಬಯಲಿನ ಆ ತುದಿಗೆ ಹೋಗಿ ತಿರುಗಿತು, ನಮ್ಮ ತಲೆ ಮೇಲೆ ಗುಂಯ್ ಅಂತ ಹೋಯ್ತು. ಅಪ್ಪ ಟವಲ್ಲು ತೆಗೆದು ಕೈಯಲ್ಲಿ ಹಿಡ್ಕೊಂಡು ಕತ್ತೆತ್ತಿ ನೋಡ್ತಾನೇ ಇದ್ದರು. ಎರಡು ನಿಮಿಷ ಆಗಿರಬಹುದು. ವಿಮಾನ ನಮ್ಮ ಕಡೆ ಬರ್ತಿತ್ತು, ಸ್ವಲ್ಪ ವಾಲಿತು. ಊರುಗೋಲು, ಉಪಾಯ ಎಲ್ಲಾ ಮರೆತೇಹೋಯ್ತು. ತಪ್ಪು ಕಡೆ ತಳ್ಳಿದೆ. ಇನ್ನೂ ವಾಲಿತು. ಇನ್ನೂ ತಳ್ಳಿದೆ. ಸೀದಾ ಹೋಗಿ ತೋಟದ ಅಂಚಿನ ತೆಂಗಿನಮರದ ಸುಳಿಯಲ್ಲಿ ಕೂತುಬಿಡ್ತು. ನೆಲದಿಂದ ನಲವತ್ತು ಅಡಿ ಮೇಲೆ.

ಅಪ್ಪ ಹಿಂದೆ ಮರ ಹತ್ತುತ್ತಿದ್ದರು. ಈಗ ಮಂಡಿ ನೋವು. ಪಕ್ಕದ ಊರಿನ ಮರ ಹತ್ತುವವರಿಗೆ ಫೋನ್ ಮಾಡಿದರೆ "ಒಂದು ಮರಕ್ಕೆಲ್ಲ ಬರಕ್ಕಾಗಲ್ಲ" ಅಂದರು. "ಹತ್ತು ಮರ ಕಾಯಿ ಕೀಳೋದಿದೆ ಬಾರಪ್ಪ" ಅಂತ ಅಪ್ಪ ಸುಳ್ಳು ಹೇಳಿದರು. ಅವರು ಬರೋದಕ್ಕೆ ಒಂದು ಗಂಟೆ. ಬ್ಯಾಟರಿ ಇನ್ನೂ ವಿಮಾನದಲ್ಲೇ ಇದ್ದದ್ದರಿಂದ ನಾನು ರಿಮೋಟ್ ಆಫ್ ಮಾಡುವ ಹಾಗಿರಲಿಲ್ಲ. ಥ್ರಾಟಲ್ ಸೊನ್ನೆಗೆ ಇಳಿಸಿ ರಿಮೋಟ್ ತೊಡೆ ಮೇಲಿಟ್ಕೊಂಡು ಮರದ ಕೆಳಗೆ ಕೂತೆ. ಅಪ್ಪ ಪಕ್ಕದಲ್ಲಿ ಕೂತರು. ಮಾತಿಲ್ಲ.

ನಾಚಿಕೆ, ಸಿಟ್ಟು ಎರಡೂ ಇತ್ತು. ಬಾಯಿಂದ ಬಂದೇಬಿಡ್ತು. "ಏರೋನಾಟಿಕಲ್ ಓದಿದ್ರೆ ಇದೆಲ್ಲ ಗೊತ್ತಿರ್ತಿತ್ತು."

"ಓದಬೇಕಿತ್ತು" ಅಂದರು ಅಪ್ಪ, ಸಹಜವಾಗಿ.

"ಓದಬೇಕಿತ್ತಾ? ನೀವೇ ತಾನೆ ಬೇಡ ಅಂದಿದ್ದು."

ಅಪ್ಪ ನನ್ನ ಕಡೆ ತಿರುಗಿದರು. "ನಾನೆಲ್ಲಿ ಬೇಡ ಅಂದೆ? ನೀನು ಯಾವತ್ತು ಕೇಳ್ದೆ?"

ಉತ್ತರ ಹೇಳೋಕೆ ಬಾಯಿ ತೆಗೆದೆ. ಆ ದಿನವನ್ನ ನೆನಪಿಸಿಕೊಂಡೆ. ತಿಪಟೂರಿನ ಸೈಬರ್ ಸೆಂಟರು, ಆಪ್ಷನ್ ಎಂಟ್ರಿ, ನಾನು ಕಂಪ್ಯೂಟರ್ ಮುಂದೆ, ಅಪ್ಪ ನನ್ನ ಹಿಂದೆ ನಿಂತಿದ್ದರು. ಸೋದರಮಾವ "ಕಂಪ್ಯೂಟರ್ ಸೈನ್ಸ್ ಹಾಕೋ, ಕೆಲಸ ಗ್ಯಾರಂಟಿ" ಅಂದಿದ್ದರು. ನಾನು ತಿರುಗಿ ಅಪ್ಪನ ಮುಖ ನೋಡಿದ್ದೆ. ಅಪ್ಪ ಸುಮ್ಮನಿದ್ದರು. ಗಂಭೀರವಾಗಿದ್ದರು. ಅದೇ ಅವರ ತೀರ್ಮಾನ ಅಂದುಕೊಂಡು ಮೊದಲನೇ ಆಪ್ಷನ್ ಕಂಪ್ಯೂಟರ್ ಸೈನ್ಸ್ ಒತ್ತಿದ್ದೆ. ಏರೋನಾಟಿಕಲ್ ಅನ್ನುವ ಪದವನ್ನು ನಾನು ಆವತ್ತು ಬಾಯಿಬಿಟ್ಟು ಹೇಳಿರಲೇ ಇಲ್ಲ. ಅದಕ್ಕಿಂತ ಹಿಂದೆಯೂ ಮನೆಯಲ್ಲಿ ಒಂದು ಸಲವೂ ಹೇಳಿರಲಿಲ್ಲ.

"ನೀವು ಆವತ್ತು ಮಾತೇ ಆಡಲಿಲ್ಲ" ಅಂದೆ, ಮೆಲ್ಲಗೆ.

"ಏನಂತ ಆಡ್ಲಿ? ಯಾವ್ದು ಏನು ಅಂತ ನಂಗೆ ಗೊತ್ತಿತ್ತಾ? ಫೀಸಿಗೆ ದುಡ್ಡು ಎಲ್ಲಿಂದ ಹೊಂದಿಸೋದು ಅಂತ ಲೆಕ್ಕ ಹಾಕ್ತಾ ನಿಂತಿದ್ದೆ" ಅಂದರು.

ನಾನು ಹತ್ತು ವರ್ಷ ಬರೆದಿಟ್ಟುಕೊಂಡಿದ್ದ ಲೆಕ್ಕದಲ್ಲಿ ಈ ಲೆಕ್ಕ ಇರಲೇ ಇಲ್ಲ. ಏನೂ ಹೇಳೋಕಾಗಲಿಲ್ಲ. ಅಪ್ಪನೂ ಅದನ್ನ ಮುಂದುವರಿಸಲಿಲ್ಲ. ಒಂದು ಎಳನೀರು ಕೆತ್ತಿ ಕೊಟ್ಟರು, ಕುಡಿದೆ.

ಮರ ಹತ್ತುವವರು ಬಂದು ಸರಸರ ಮೇಲೆ ಹೋದರು. "ಮೊದಲು ಆ ಹಳದಿ ಪ್ಲಗ್ ಕಿತ್ತುಬಿಡಿ ಅಣ್ಣ, ಫ್ಯಾನಿನ ಹತ್ರ ಕೈ ಇಡಬೇಡಿ" ಅಂತ ಕೆಳಗಿಂದ ಕೂಗಿದೆ. ಕಿತ್ತರು. ಎರಡು ಗರಿಗಳ ಮಧ್ಯೆ ಮೆತ್ತಗೆ ಸಿಕ್ಕಿಕೊಂಡಿದ್ದರಿಂದ ವಿಮಾನಕ್ಕೆ ಏನೂ ಆಗಿರಲಿಲ್ಲ. "ಹೆಂಗೆ ಇಳ್ಸೋದು ಇದ್ನ? ಎಸೀಲಾ?" ಅಂದರು. ನಾನು ಬೇಡ ಅನ್ನೋಷ್ಟರಲ್ಲಿ ಅಪ್ಪ "ಎಸಿ ಎಸಿ" ಅಂದುಬಿಟ್ಟರು.

ಎಸೆದರು. ಮೂತಿ ಒಂದು ಸಲ ಕೆಳಗಾಯ್ತು, ವೇಗ ಬಂತು, ತಾನೇ ಮೇಲೆದ್ದಿತು. ಆಮೇಲೆ ಸದ್ದಿಲ್ಲದೆ ನೆಟ್ಟಗೆ ಬಯಲು ದಾಟಿ, ಬದು ದಾಟಿ, ತೆನೆ ಬಿಟ್ಟಿದ್ದ ರಾಗಿ ಹೊಲದ ಮೇಲೆ ಬೆಣ್ಣೆಯ ಹಾಗೆ ಇಳೀತು. ಒಂದು ಗೀರೂ ಇಲ್ಲ. ಮೋಟಾರಿಲ್ಲ, ರಿಮೋಟಿಲ್ಲ, ನಾನಿಲ್ಲ! ಅಲ್ಲೀವರೆಗೆ ಆ ವಿಮಾನದ ಅತ್ಯಂತ ಚಂದದ ಹಾರಾಟ ಅದು.

"ನೋಡ್ದಾ, ಅದ್ಕೆ ಹಾರಕ್ಕೆ ಬರುತ್ತೆ. ನೀನೇ ಬಿಡ್ತಿಲ್ಲ" ಅಂದರು ಅಪ್ಪ. ಮರದ ಮೇಲಿದ್ದವರು ಜೋರಾಗಿ ನಕ್ಕರು. ಆಮೇಲೆ ಸುಳ್ಳು ಹೇಳಿದ್ದಕ್ಕೆ ನಿಜವಾಗಿಯೂ ಹತ್ತು ಮರದ ಕಾಯಿ ಕೀಳಿಸಬೇಕಾಯ್ತು.

ಅಪ್ಪ ಹೇಳಿದ್ದೇ ಈ ಹವ್ಯಾಸದ ಮೊದಲ ಪಾಠ. ಹೊಸಬರು ಬೀಳಿಸೋದು ಕೈ ಸಾಲದೆ ಅಲ್ಲ, ಕೈ ಜಾಸ್ತಿಯಾಗಿ. ಸರಿಯಾಗಿ ಮಾಡಿದ ಟ್ರೈನರ್ ವಿಮಾನ ಸಾಕಷ್ಟು ಎತ್ತರದಲ್ಲಿದ್ದು ಗಾಬರಿಯಾದರೆ ಮಾಡಬೇಕಾದ್ದು ಇಷ್ಟೇ: ಥ್ರಾಟಲ್ ಸ್ವಲ್ಪ ಇಳಿಸಿ, ಇನ್ನೊಂದು ಸ್ಟಿಕ್ ಬಿಟ್ಟುಬಿಡಿ. ಅದು ತನ್ನನ್ನು ತಾನು ಸರಿ ಮಾಡಿಕೊಳ್ಳುತ್ತೆ.

ನಿಮ್ಮಲ್ಲಿ ಯಾರಾದರೂ ಶುರು ಮಾಡೋದಾದ್ರೆ, ನಾನು ಬೀಳಿಸಿ ಕಲಿತದ್ದು ಇನ್ನಷ್ಟು:

- ಮೊದಲು ರಿಮೋಟ್ ಮತ್ತು ಸಿಮ್ಯುಲೇಟರ್, ವಿಮಾನ ಆಮೇಲೆ.
- ತೂಕದ ಕೇಂದ್ರ ನೋಡಿಕೊಳ್ಳಿ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಸಮನಾಗಿ ನಿಲ್ಲಬೇಕು. ಬ್ಯಾಟರಿ ಹಿಂದೆ ಮುಂದೆ ಸರಿಸಿದರೆ ಸಾಕು. ಮೂತಿ ಭಾರವಾದರೆ ಒದ್ದಾಡಿಕೊಂಡಾದರೂ ಹಾರುತ್ತೆ, ಬಾಲ ಭಾರವಾದರೆ ಒಂದೇ ಸಲ ಹಾರುತ್ತೆ.
- ಮೊದಲು ರಿಮೋಟ್ ಆನ್, ಆಮೇಲೆ ಬ್ಯಾಟರಿ. ಮುಗಿಸುವಾಗ ಮೊದಲು ಬ್ಯಾಟರಿ ತೆಗೆದು ಆಮೇಲೆ ರಿಮೋಟ್ ಆಫ್. ಪ್ರೊಪೆಲ್ಲರ್ ಬೆರಳು ಕತ್ತರಿಸುತ್ತೆ, ಆಟ ಅಲ್ಲ.
- ಲಿಪೋ ಚಾರ್ಜ್‌ಗೆ ಹಾಕಿ ಮಲಗಬೇಡಿ. ಒಂದು ಸೆಲ್ಲಿಗೆ 4.2 ವೋಲ್ಟಿನ ಮೇಲೆ ಹೋಗಬಾರದು. ಹಾರಿಸದೆ ಇಡುವಾಗ 3.8 ವೋಲ್ಟಿನ ಆಸುಪಾಸಿನಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.
- ಗಾಳಿಗೆ ಎದುರಾಗಿ ಎಸೆಯಿರಿ, ಎದುರಾಗಿಯೇ ಇಳಿಸಿ. ಗಾಳಿ ಬೀಸುವ ಕಡೆಗೇ ಹೋಗುವಾಗ ವಿಮಾನ ಜೋರಾಗಿ ಹೋಗ್ತಿದೆ ಅಂತ ಕಣ್ಣಿಗೆ ಕಾಣುತ್ತೆ, ನಂಬಿ ವೇಗ ಇಳಿಸಬೇಡಿ.
- ಜನರ ತಲೆ ಮೇಲೆ ಹಾರಿಸಬೇಡಿ. ನಿಯಮ ಓದಿ, ನಕ್ಷೆ ನೋಡಿ. ಹಸಿರು ವಲಯದಲ್ಲೂ 400 ಅಡಿಯ ಮಿತಿ ಇದೆ.
- ತೆಂಗಿನ ತೋಟದಿಂದ ದೂರ ಇರಿ :-)

ಸಂಕ್ರಾಂತಿಗೆ ಮತ್ತೆ ಹೋಗಿದ್ದೆ. ರಾಗಿ ಕೊಯ್ದ ಹೊಲ ಖಾಲಿ ಇತ್ತು. ಆರು ನಿಮಿಷ ಹಾರಿಸಿ, ಕೂಳೆ ಮೇಲೆ ನೆಟ್ಟಗೆ ಇಳಿಸಿದೆ. ಎರಡನೇ ಬ್ಯಾಟರಿ ಹಾಕಿ, ಎತ್ತರಕ್ಕೆ ಒಯ್ದು, ರಿಮೋಟನ್ನು ಅಪ್ಪನ ಕೈಗೆ ಕೊಟ್ಟೆ. "ಏನ್ ಮಾಡ್ಬೇಕು?" ಅಂದರು. "ಏನೂ ಮಾಡ್ಬೇಡಿ, ಸುಮ್ನೆ ಹಿಡ್ಕೊಳ್ಳಿ" ಅಂದೆ. ಹಿಡ್ಕೊಂಡರು. ಕೈ ಸ್ವಲ್ಪ ನಡುಗ್ತಿತ್ತು. ವಿಮಾನ ದೊಡ್ಡದೊಂದು ಅರ್ಧ ಸುತ್ತು ಹಾಕಿತು. ನಾನು ಕೈ ಚಾಚಿದಾಗ "ಇರು" ಅಂದರು.

ನಿನ್ನೆ ರಾತ್ರಿ ಫೋನ್ ಬಂತು. ಊಟ ಆಯ್ತಾ ಅಂತ ಕೇಳಲಿಲ್ಲ. "ಎರಡು ದಿನದಿಂದ ಬೆಳಿಗ್ಗೆ ಹೊತ್ತು ಗರಿ ಅಲುಗಾಡ್ತಿಲ್ಲ ಕಣೋ. ಶನಿವಾರ ಬರ್ತೀಯಾ?" ಅಂದರು. ಆಮೇಲೆ ಬ್ಯಾಟರಿ, ಅಂಟು, ಅಟ್ಟದ ಮೇಲಿರುವ ಹಳೇ ವಿಮಾನದ ಮೋಟಾರು ಹಾಕಿ ಇನ್ನೊಂದು ಮಾಡಬಹುದಾ ಅಂತೆಲ್ಲಾ ಮಾತಾಡಿದ್ವಿ. ಇಟ್ಟ ಮೇಲೆ ನೋಡಿದೆ, ಹದಿನೇಳು ನಿಮಿಷ.

ಶನಿವಾರದ ರೈಲಿಗೆ ಟಿಕೆಟ್ ಮಾಡಿಸಿದ್ದೀನಿ. ಬಂದ ಮೇಲೆ ಫೋಟೋ ಹಾಕ್ತೀನಿ.